ನಗದ ಹುಡುಗನ ಫೋಟೋ

ಹಿರಿಯೂರಿನ ಏಕಾಂತಪ್ಪನ ಮನೆಯಲ್ಲಿ ಜಗಳ ಶುರುವಾದದ್ದು ಮುಂದಿನ ಕೋಣೆಯಿಂದ. ಆ ಕೋಣೆಯಲ್ಲಿ ಏಕಾಂತಪ್ಪ ಬಹಳ ವರ್ಷ ಫೋಟೋ ಸ್ಟುಡಿಯೋ ನಡೆಸಿದ್ದ. ಊರಿನ ಎರಡು ತಲೆಮಾರು ಅಲ್ಲಿ ತಲೆ ಬಾಚಿಕೊಂಡು, ಪೌಡರ್ ಬಳಿದುಕೊಂಡು, ಮರದ ಸ್ಟೂಲಿನ ಮೇಲೆ ಉಸಿರು ಬಿಗಿಹಿಡಿದು ಕುಳಿತಿತ್ತು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಸ್ಟುಡಿಯೋ ಮುಚ್ಚಿತು. ಈಗ ಅಲ್ಲಿ ಈರುಳ್ಳಿ ಮೂಟೆ, ಕೆಟ್ಟ ಕೂಲರ್ ಮತ್ತು ಹಬ್ಬದ ದೊಡ್ಡ ಪಾತ್ರೆಗಳಿದ್ದವು. ಗೋಡೆಯ ಮೇಲೆ ಹಂಸಗಳು ಈಜುವ ಕೊಳದ ಪರದೆ ಮಾತ್ರ ಹಾಗೇ ಉಳಿದಿತ್ತು.

“ಶುಕ್ರವಾರ ಗೊಲ್ಲಪ್ಪ ಅಡ್ವಾನ್ಸ್ ತಗಂಡು ಬರ್ತಾನಂತೆ,” ಎಂದಳು ಮಹಾದೇವಮ್ಮ, ಗಂಡನ ತಟ್ಟೆಗೆ ಮುದ್ದೆ ಇಡುತ್ತ. “ಆ ಕೋಣೆನಾಗೆ ಜೆರಾಕ್ಸ್ ಅಂಗಡಿ ಇಡ್ತಾನಂತೆ. ಬಾಡಿಗೆನೂ ಬರ್ತೈತೆ, ಕಸಾನೂ ಖಾಲಿ ಆಗ್ತೈತೆ.”

ಸೊಸೆ ಬಿಂದು ಹುರುಳಿ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. “ಅತ್ತೆ, ಆ ಕೋಣೆ ನನಗೆ ಬೇಕು ಅಂತ ಯುಗಾದಿಗೇ ಕೇಳಿದ್ನಲ್ಲ.”

“ಯಾತಕ್ಕೆ?”

“ಮಕ್ಕಳ ಫೋಟೋ ತೆಗಿಯಾಕೆ. ದುಡ್ಡಿಗೆ.”

ಮಗ ಕೊಟ್ರೇಶ ಮುದ್ದೆಯ ತುತ್ತನ್ನು ನುಂಗಿ ನೀರಿಗೆ ಕೈ ಚಾಚಿದ. ಬೀಜ, ಗೊಬ್ಬರದ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಗಲಾಟೆ ಕೇಳಿ ಬರುವ ಅವನಿಗೆ, ಮನೆಯಲ್ಲಿ ಅವ್ವನೂ ಹೆಂಡತಿಯೂ ಒಂದೇ ಸಲ ಬಾಯಿ ತೆರೆದರೆ ಕಿವಿ ಮಂದವಾಗುವ ಅಭ್ಯಾಸವಿತ್ತು.

ಬಿಂದು ಶ್ರೀರಾಂಪುರದ ಹುಡುಗಿ. ಅಲ್ಲಿ ಅವಳ ಅಣ್ಣ ಮದುವೆಗಳಿಗೆ ಫೋಟೋ ತೆಗೆಯುತ್ತಾನೆ. ಹೊಸ ಕ್ಯಾಮೆರಾ ಕೊಂಡಾಗ ಹಳೆಯದನ್ನು ತಂಗಿಗೆ ಕೊಟ್ಟಿದ್ದ. ಅಂದಿನಿಂದ ಬೀದಿಯ ಮಕ್ಕಳೆಲ್ಲ ಅವಳ ಕ್ಯಾಮೆರಾದೊಳಗೆ ಹೊಕ್ಕು ಹೊರಬಂದಿದ್ದವು. ತಾಯಂದಿರು ಮೊಬೈಲಿನಲ್ಲಿ ಫೋಟೋ ಹಾಕಿಸಿಕೊಂಡು ಹಿಗ್ಗಿ ಹೀರೇಕಾಯಿ ಆಗಿದ್ದರು. ಆದರೆ ಹೊಗಳುವುದಕ್ಕೆ ದುಡ್ಡು ಬೀಳುವುದಿಲ್ಲವೆಂಬುದು ಮಹಾದೇವಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

“ಬಿಟ್ಟಿ ಕೊಟ್ರೆ ಯಾರು ಬ್ಯಾಡಂತಾರೆ? ನಾಳೆಯಿಂದ ದುಡ್ಡು ಕೇಳು. ಒಬ್ಬಳಾದ್ರೂ ಈ ಬಾಗಿಲಿಗೆ ಬಂದ್ರೆ ಬಂದು ನನಗೆ ಹೇಳು,” ಅಂದಳು. ಆಮೇಲೆ ಮಗನ ಕಡೆ ತಿರುಗಿದಳು. “ಏನಪ್ಪ, ಬಾಯಾಗೆ ಏನಿಟ್ಕಂಡಿದೀಯ? ಮಾತಾಡು.”

“ಅಪ್ಪನ್ನ ಕೇಳ್ರಿ,” ಎಂದ ಕೊಟ್ರೇಶ. “ಫೋಟೋ ವಿಷಯ ಅವರಿಗೆ ಗೊತ್ತು. ನನಗೆ ಗೊತ್ತಿರೋದು ಯೂರಿಯಾ.”

ಏಕಾಂತಪ್ಪ ಊಟ ಮುಗಿಸಿ, ಕೈ ತೊಳೆದು, ಟವಲಿನಿಂದ ಮೀಸೆ ಒರೆಸಿಕೊಳ್ಳುವವರೆಗೆ ಮಾತಾಡಲಿಲ್ಲ. ತೀರ್ಪು ಕೊಡುವ ಹೊತ್ತಿನಲ್ಲಿ ಅವನು ಯಾವಾಗಲೂ ಹೀಗೆಯೇ.

“ಫೋಟೋ ಕೊಡಮ್ಮ, ನೋಡ್ತೀನಿ. ಮಾರಂಗಿದ್ರೆ ಕೋಣೆ ನಿಂದು. ಮನೆಯಾಗೆ ಇಟ್ಕಣಂಗಿದ್ರೆ ಕೋಣೆ ಗೊಲ್ಲಪ್ಪಂದು. ಆಮ್ಯಾಲೆ ಇಬ್ರೂ ಸುಮ್ಮನಿರಬೇಕು.”

ಬಿಂದು ಆಗಲಿ ಅಂದಳು. ಮದುವೆಯಾಗಿ ಬಂದ ಮೇಲೆ ಅವಳು ಈ ಮನೆಯಲ್ಲಿ ತನಗೆ ಅಂತ ಕೇಳಿದ್ದು ಇದೊಂದೇ.

ಅವಳಿಗೆ ಧೈರ್ಯವಿದ್ದದ್ದು ಒಂದು ಫೋಟೋದ ಮೇಲೆ. ಪಕ್ಕದ ಮನೆಯ ದಾವೂದ್ ಲಾರಿ, ಆಟೋಗಳಿಗೆ ಸೀಟು ಹೊಲಿಯುತ್ತಾನೆ. ಅವನ ಮಗ ಫರಾಜ್‌ಗೆ ನಾಲ್ಕು ವರ್ಷ. ಹುಡುಗನಿಗೆ ತಾಯಿ ಯಾಸ್ಮಿನ್‌ಗಿಂತ ಅಜ್ಜಿ ಶರೀಫುನ್ನೀಸಾಳ ಗೀಳು ಹೆಚ್ಚು. ಅಜ್ಜಿ ಕಣ್ಣಿನ ಪೊರೆ ತೆಗೆಸಲು ಚಿತ್ರದುರ್ಗದ ಆಸ್ಪತ್ರೆ ಸೇರಿದಾಗ ಅವನು ಹೊಸ್ತಿಲ ಮೇಲೆ ಕುಳಿತವನು ಏಳಲೇ ಇಲ್ಲ. ಬಿಸ್ಕತ್ತು ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡ, ತಿನ್ನಲಿಲ್ಲ. ಬೀದಿಯ ತಿರುವಿನಲ್ಲಿ ಆಟೋ ಸದ್ದು ಕೇಳಿದಾಗಲೆಲ್ಲ ಕುತ್ತಿಗೆ ಎತ್ತುತ್ತಿದ್ದ. ಆ ಸಂಜೆ ಬಿಂದು ಅವನ ಎದುರು ನೆಲಕ್ಕೆ ಕುಳಿತು ತೆಗೆದ ಫೋಟೋ ಅದು. ಅಳು ಬಂದಿಲ್ಲ, ಬರಲಿದೆ. ಬಾಗಿಲ ಬೆಳಕು ಮುಖದ ಅರ್ಧಕ್ಕೆ ಬಿದ್ದಿದೆ. ಆ ಕಣ್ಣು ನೋಡಿದರೆ ಎಂಥವರೂ ಒಂದು ಗಳಿಗೆ ನಿಲ್ಲಬೇಕು.

ಯಾಸ್ಮಿನ್‌ಗೆ ತೋರಿಸಿದಾಗ ಅವಳು ಮೂಗು ಮುರಿದಿದ್ದಳು. “ಅಯ್ಯ, ಅಳುಮುಂಜಿ ಮುಖ. ನಗೋದು ತೆಗಿಯಾಕೆ ಆಗ್ಲಿಲ್ವಾ ನಿನಗೆ?”

ಒಳ್ಳೆಯವೆಂದು ಅನ್ನಿಸಿದ ಹತ್ತಾರು ಫೋಟೋಗಳನ್ನು ಬಿಂದು ಶ್ರೀರಾಂಪುರಕ್ಕೆ ಹೋಗಿ ಅಣ್ಣನಿಂದ ಪೆನ್ ಡ್ರೈವಿಗೆ ಹಾಕಿಸಿ ತಂದು ಮಾವನ ಕೈಗೆ ಕೊಟ್ಟಳು. ಎಲ್ಲಕ್ಕಿಂತ ಮೊದಲು ಆರಿಸಿದ್ದು ಈ ಫೋಟೋವನ್ನು.

ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಬೆರಳಗಲದ ಮೊಬೈಲಿನಲ್ಲಿ ನೋಡಿ ತೀರ್ಪು ಕೊಡುವ ಆಸಾಮಿ ಏಕಾಂತಪ್ಪ ಅಲ್ಲ. ಮಾರನೆಯ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಯಾರಿಗೂ ಹೇಳದೆ ತಿಪ್ಪೇಶನ ಫ್ಲೆಕ್ಸ್ ಅಂಗಡಿಗೆ ಹೋದ. ತಿಪ್ಪೇಶ ಹಿಂದೆ ಇವನ ಕತ್ತಲೆಕೋಣೆಯಲ್ಲೇ ಕೆಲಸ ಕಲಿತವನು. ಈಗ ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ ಎಲ್ಲದಕ್ಕೂ ಊರಿಗೆ ಬ್ಯಾನರ್ ಹೊದಿಸುವವನು ಅವನೇ.

“ಕುಂತ್ಕಳ್ರಿ ಅಣ್ಣ,” ಎಂದು ತಿಪ್ಪೇಶ ಕುರ್ಚಿ ಒರೆಸಿದ. ಪೆನ್ ಡ್ರೈವ್ ಚುಚ್ಚಿ, ಒಂದೊಂದೇ ಫೋಟೋವನ್ನು ದೊಡ್ಡ ಪರದೆಯ ಮೇಲೆ ತೋರಿಸಿದ. ಏಕಾಂತಪ್ಪ ಕನ್ನಡಕ ಏರಿಸಿ ಇಳಿಸಿ ನೋಡಿದ. ಕೆಲವು ಮಕ್ಕಳ ಕಾಲು ಬಂದಿರಲಿಲ್ಲ. ಅವನ ಕಾಲದಲ್ಲಿ ಮಗುವಿನ ಫೋಟೋದಲ್ಲಿ ಪಾದ ಕಾಣದಿದ್ದರೆ ಅಜ್ಜಿಯಂದಿರು ಸ್ಟುಡಿಯೋ ಬಾಗಿಲಲ್ಲೇ ಜಗಳ ತೆಗೆಯುತ್ತಿದ್ದರು. ಕೆಲವು ಮಕ್ಕಳು ಕ್ಯಾಮೆರಾ ಕಡೆ ನೋಡುತ್ತಲೇ ಇರಲಿಲ್ಲ. ಫರಾಜ್‌ನ ಫೋಟೋ ಬಂದಾಗ ತಿಪ್ಪೇಶ ಮೌಸಿನ ಮೇಲಿನ ಕೈ ತಡೆದ.

“ಇದು ನಗ್ತಾ ಇಲ್ಲ, ಮುಂದಕ್ಕೆ ಹಾಕು,” ಎಂದ ಏಕಾಂತಪ್ಪ.

ಎಲ್ಲ ನೋಡಿ ಮುಗಿದ ಮೇಲೆ ಪೆನ್ ಡ್ರೈವನ್ನು ತಾನೇ ಕಿತ್ತು, ಜೇಬಿಗೆ ಹಾಕಿ, ಗುಂಡಿ ಹಾಕಿಕೊಂಡ. ಹಿಂದೆ ನೆಗೆಟಿವ್‌ಗಳನ್ನು ಹೀಗೆಯೇ ಕಾಪಾಡುತ್ತಿದ್ದ. ಯಾರದೇ ಹೆಣ್ಣುಮಕ್ಕಳ, ಮಕ್ಕಳ ನೆಗೆಟಿವ್ ಅವನ ಬೀರುವಿನಿಂದ ಹೊರಗೆ ಹೋದದ್ದಿಲ್ಲ. ಊರು ಅವನನ್ನು ನಂಬಿದ್ದು ಫೋಟೋ ಚಂದಕ್ಕಲ್ಲ, ಈ ಬೀರುವಿಗೆ. ಮನೆಗೆ ಬಂದು ಪೆನ್ ಡ್ರೈವನ್ನು ಕನ್ನಡಕದ ಡಬ್ಬಿಯಲ್ಲಿಟ್ಟು ಅದೇ ಬೀರುವಿನಲ್ಲಿ ಬೀಗ ಹಾಕಿದ.

ತೀರ್ಪು ಮಧ್ಯಾಹ್ನದ ಊಟಕ್ಕೆ ಬಂತು.

“ಮನೆಯಾಗೆ ಇಟ್ಕಣಾಕೆ ಚೆನ್ನಾಗವೆ. ಮಾರಾಕಲ್ಲ.”

“ಒಂದೂ ಇಲ್ವಾ ಮಾವ?” ಬಿಂದುವಿನ ದನಿ ಸಣ್ಣದಾಗಿತ್ತು. “ಆ ಫರಾಜ್‌ದು?”

“ಅದೇ ಎಲ್ಲಕ್ಕಿಂತ ಬ್ಯಾಡಾದ್ದು. ಕಾಲಿಲ್ಲ, ನಗು ಇಲ್ಲ, ಅರ್ಧ ಮುಖ ಕತ್ತಲೆ. ದುಡ್ಡು ಕೊಟ್ಟು ಅಳೋ ಮುಖ ಯಾರು ತಗಂಡು ಹೋಗ್ತಾರಮ್ಮ? ಆ ಫೋಟೋ ನೋಡಿ ಒಬ್ಬ ಗಿರಾಕಿನೂ ನಿಲ್ಲಲ್ಲ.”

ಮಹಾದೇವಮ್ಮ ಗೆದ್ದವಳ ಹಾಗೆ ಮಜ್ಜಿಗೆ ಬಡಿಸಿದಳು. ಗೊಲ್ಲಪ್ಪ ಬಂದು ಅಡ್ವಾನ್ಸ್ ಕೊಟ್ಟು, ಮುಂದಿನ ತಿಂಗಳು ಬರುತ್ತೇನೆಂದು ಕೋಣೆ ಅಳತೆ ಮಾಡಿಕೊಂಡು ಹೋದ. ಬಿಂದು ಆ ವಾರವೆಲ್ಲ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ರೊಟ್ಟಿ ತಟ್ಟುವ ಸದ್ದು ಮಾತ್ರ ಬೀದಿಗೆ ಕೇಳುತ್ತಿತ್ತು. ಆ ಸದ್ದು ಏನು ಹೇಳುತ್ತಿದೆ ಎನ್ನುವುದು ಕೊಟ್ರೇಶನಿಗೂ ಗೊತ್ತಿತ್ತು, ಪಾಪ, ಅವನು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಮೂರು ವಾರ ಕಳೆಯಿತು. ಶರೀಫುನ್ನೀಸಾ ಕಣ್ಣು ತೋರಿಸಲು ಮತ್ತೆ ಚಿತ್ರದುರ್ಗಕ್ಕೆ ಹೋದಳು. ದಾವೂದ್‌ಗೆ ಕೆಲಸ ಬಿಡಲಾಗದೆ ಅವಳನ್ನು ಒಬ್ಬಳನ್ನೇ ಬಸ್ಸು ಹತ್ತಿಸಿದ್ದ. ಡಾಕ್ಟರು ಕಪ್ಪು ಕನ್ನಡಕ ತೆಗೆಸಿ, ಇನ್ನು ಎಲ್ಲ ಚೆನ್ನಾಗಿ ಕಾಣುತ್ತದೆ ಎಂದರು. ಅವಳಿಗೆ ಖುಷಿಯೋ ಖುಷಿ. ಬಸ್ ನಿಲ್ದಾಣದವರೆಗೂ ಅಂಗಡಿಗಳ ಬಣ್ಣ ನೋಡುತ್ತ, ಜನರ ಮುಖ ನೋಡುತ್ತ ಬಂದಳು. ಮೊಮ್ಮಗನಿಗೆ ಬಾಳೆಹಣ್ಣು ತೆಗೆದುಕೊಳ್ಳೋಣವೆಂದು ನಿಂತವಳಿಗೆ ಎದುರಿಗೆ ಮೊಮ್ಮಗನೇ ಕಂಡ.

ಆಳೆತ್ತರದ ಬ್ಯಾನರ್. ಅದರ ತುಂಬ ಫರಾಜ್‌ನ ಮುಖ. ಆ ಕಣ್ಣು, ಕಿವಿಯ ಹತ್ತಿರದ ಆ ಮಚ್ಚೆ. ಕೆಳಗೆ ಮೇಜಿನ ಮೇಲೆ ಬೀಗ ಹಾಕಿದ ಡಬ್ಬಿ. ಪಕ್ಕದಲ್ಲಿ ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಇಬ್ಬರು ಯುವಕರು. ಬಸ್ಸಿಗೆ ಓಡುತ್ತಿದ್ದ ಜನ ಬ್ಯಾನರಿನ ಮುಂದೆ ನಿಂತು, ಚ್ಚೊಚ್ಚೋ ಎಂದು ನೋಟು ತುರುಕಿ ಹೋಗುತ್ತಿದ್ದರು.

ಶರೀಫುನ್ನೀಸಾಗೆ ಕನ್ನಡ ಓದಲು ಬರುವುದಿಲ್ಲ. ಪಕ್ಕದಲ್ಲಿ ನಿಂತ ಹೆಂಗಸಿನ ತೋಳು ಹಿಡಿದು ಕೇಳಿದಳು. “ಏನಮ್ಮ ಇದು? ಈ ಹುಡುಗಂಗೆ ಏನಾಗೈತೆ?”

“ಹೃದಯದಾಗೆ ತೂತಂತೆ ಅಜ್ಜಿ. ಬೇಗ ಆಪರೇಷನ್ ಮಾಡಿಸದಿದ್ರೆ ಉಳಿಯಲ್ವಂತೆ. ಪಾಪ, ಆ ಮುಖ ನೋಡ್ರಿ.”

ಅವಳು ಆ ಹೆಂಗಸಿನ ತೋಳು ಬಿಟ್ಟಳು. ನನ್ನ ಮೊಮ್ಮಗ ಇವನು ಎಂದು ಕೂಗಲಿಲ್ಲ. ಮಗ ತನ್ನಿಂದ ಇದನ್ನು ಬಚ್ಚಿಟ್ಟಿದ್ದಾನೆ, ತನ್ನ ಕಣ್ಣಿನ ಆಪರೇಷನ್ನಿಗೆ ದುಡ್ಡು ಸುರಿದು ಮಗುವಿಗೆ ಇಲ್ಲದಂತಾಗಿದೆ, ಊರಲ್ಲಿ ಮರ್ಯಾದೆ ಹೋಗುತ್ತದೆಂದು ಇಲ್ಲಿ ಬಂದು ಬೇಡಿಸುತ್ತಿದ್ದಾನೆ ಎಂದೇ ಅವಳಿಗೆ ಅನ್ನಿಸಿತು. ಸೊಂಟದ ಚೀಲ ಬಿಚ್ಚಿ, ಔಷಧಿಗೆ, ಹಣ್ಣಿಗೆ ಇದ್ದದ್ದನ್ನೆಲ್ಲ ಡಬ್ಬಿಗೆ ಹಾಕಿದಳು.

“ದೇವರು ಒಳ್ಳೇದು ಮಾಡ್ಲಿ ಅಜ್ಜಿ,” ಎಂದ ಒಬ್ಬ ಯುವಕ.

ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದ್ದರಿಂದ ಅವಳು ಮನೆ ಮುಟ್ಟಿದಳು. ದಾರಿಯುದ್ದಕ್ಕೂ ಹೊಸ ಕಣ್ಣಲ್ಲಿ ಅತ್ತಳು. ಅಳಬಾರದೆಂದು ಡಾಕ್ಟರು ಹೇಳಿದ್ದರು.

ಫರಾಜ್ ಬೀದಿಯಲ್ಲಿ ಟೈರು ಓಡಿಸುತ್ತಿದ್ದ. ಶರೀಫುನ್ನೀಸಾ ಅವನನ್ನು ಬಾಚಿ ಎತ್ತಿಕೊಂಡು, ಓಡಬ್ಯಾಡ ಬೇಟಾ, ಓಡಬ್ಯಾಡ ಎಂದು ಎದೆಗೆ ಒತ್ತಿಕೊಂಡು ಒಳಗೆ ನುಗ್ಗಿದಳು. ಮಗನನ್ನು ಕಂಡದ್ದೇ ಚಪ್ಪಲಿ ಕೈಗೆ ಬಂತು.

“ನಿನ್ನ ತಾಯಿ ಸತ್ತೋಗಿದ್ಲೇನೋ? ಮಗುವಿನ ಎದೇಲಿ ತೂತೈತೆ ಅಂತ ಬಸ್ ಸ್ಟ್ಯಾಂಡಿನಾಗೆ ಕಂಡವರು ನನಗೆ ಹೇಳಬೇಕಾ?”

ದಾವೂದ್ ಸೂಜಿ ಹಿಡಿದ ಕೈಯಲ್ಲೇ ನಿಂತ. ಯಾಸ್ಮಿನ್ ಒಲೆಯ ಮುಂದಿನಿಂದ ಎದ್ದು ಬಂದಳು. ಅಜ್ಜಿ ಹೇಳಿದ್ದನ್ನು ಇಬ್ಬರೂ ಮತ್ತೆ ಮತ್ತೆ ಕೇಳಿದರು. ಯಾರಿಗೂ ಅರ್ಥವಾಗಲಿಲ್ಲ. ಆದರೆ ಅಳುವ ಹಾಗಿದ್ದ ಮುಖ, ಅರ್ಧ ಕತ್ತಲೆ ಎಂದಾಗ ಬಿಂದು ತೆಗೆದ ಫೋಟೋ ಯಾಸ್ಮಿನ್‌ಗೆ ನೆನಪಾಯಿತು. ದಾವೂದ್ ಬೈಕು ಹತ್ತಿ ಆಗಲೇ ಚಿತ್ರದುರ್ಗಕ್ಕೆ ಹೊರಟ. ಅವನು ಕೂಗುತ್ತ ಹತ್ತಿರ ಬರುವುದನ್ನು ನೋಡಿದ ಕೂಡಲೇ ಯುವಕರು ಡಬ್ಬಿ ಎತ್ತಿಕೊಂಡು ಜನರ ನಡುವೆ ಮಾಯವಾದರು. ಬ್ಯಾನರ್ ಅಲ್ಲೇ ಉಳಿಯಿತು.

ದೀಪ ಹಚ್ಚುವ ಹೊತ್ತಿಗೆ ದಾವೂದ್, ಯಾಸ್ಮಿನ್ ಇಬ್ಬರೂ ಏಕಾಂತಪ್ಪನ ಮನೆಗೆ ಬಂದರು. ದಾವೂದ್ ಬಗಲಲ್ಲಿದ್ದ ಸುರುಳಿಯನ್ನು ಮುಂದಿನ ಕೋಣೆಯ ನೆಲದ ಮೇಲೆ ಬಿಡಿಸಿದ. ಫರಾಜ್‌ನ ಮುಖ ಈರುಳ್ಳಿ ಮೂಟೆಯಿಂದ ಹಂಸದ ಪರದೆಯವರೆಗೆ ಚಾಚಿಕೊಂಡಿತು. ತಾಯಿಯ ಹಿಂದೆ ಬಂದಿದ್ದ ಹುಡುಗ, “ನಾನು” ಎಂದು ಬೆರಳು ತೋರಿಸಿದ.

ಬಿಂದು ತನ್ನ ಫೋಟೋ ಗುರುತಿಸಿದಳು, ಕೆಳಗಿನ ಅಕ್ಷರ ಓದಿದಳು. ಚಿರಂಜೀವಿ ಮನೋಜ್, ನಾಲ್ಕು ವರ್ಷ, ಹೃದಯದ ಶಸ್ತ್ರಚಿಕಿತ್ಸೆಗೆ ನೆರವಾಗಿ.

“ಹೆಸರೂ ಬದಲಾಯಿಸ್ಯಾರೆ,” ಎಂದ ದಾವೂದ್. ಅವನು ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸುವಂತಿತ್ತು.

“ಫೋಟೋ ತೆಗಿತೀನಿ ಅಂದಿ, ಆಗಲಿ ಅಂದೆ,” ಯಾಸ್ಮಿನ್ ಬಿಂದುವಿನ ಮುಂದೆ ನಿಂತಳು. “ಕಂಡಕಂಡವರಿಗೆ ಕೊಡ್ತೀನಿ ಅಂದಿದ್ಯಾ? ನನ್ನ ಮಗ ಸಾಯ್ತಾನೆ ಅಂತ ಬರೆದಿದಾರೆ. ಎಷ್ಟು ತಗಂಡೆ ಹೇಳು.”

“ದೇವರಾಣೆಗೂ ನಾನು ಯಾರಿಗೂ ಕೊಟ್ಟಿಲ್ಲ ಯಾಸ್ಮಿನ್.”

“ದೇವರ ಮ್ಯಾಲೆ ಆಣೆ ಇಡಬ್ಯಾಡ,” ಎಂದು ಗದರಿದಳು ಮಹಾದೇವಮ್ಮ. “ನಾನು ಬಡ್ಕಂಡೆ, ಈ ಕ್ಯಾಮೆರಾ ಬ್ಯಾಡ ಅಂತ. ಈಗ ನೋಡು, ಪಕ್ಕದ ಮನೆಯೋರ ಮುಂದೆ ತಲೆ ತಗ್ಗಿಸಂಗಾತು.”

“ಸುಮ್ಕಿರವ್ವ,” ಎಂದ ಕೊಟ್ರೇಶ. ಆಮೇಲೆ ಹೆಂಡತಿಯ ಕಡೆ ತಿರುಗಿ ಕೇಳಿದ. “ಯಾರ ಕೈಗೆ ಹೋಗಿತ್ತು ಹೇಳು. ನಿಮ್ಮಣ್ಣನ ಹತ್ರ ಐತಾ?”

“ಅಣ್ಣ ಪೆನ್ ಡ್ರೈವಿಗೆ ಹಾಕಿ, ನನ್ನ ಮುಂದೆನೇ ಅಳಿಸಿಹಾಕ್ದ. ಮಾವನ ಕೈಗೆ ಮಾತ್ರ ಕೊಟ್ಟಿದ್ದು.”

ಎಲ್ಲರೂ ಏಕಾಂತಪ್ಪನನ್ನು ನೋಡಿದರು. ಅವನಿಗೆ ಸಿಟ್ಟು ಬಂತು. ಜೀವಮಾನದಲ್ಲಿ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಧಡಧಡನೆ ಒಳಗೆ ಹೋದ. ಬೀರು ತೆರೆದ ಸದ್ದಾಯಿತು. ಕನ್ನಡಕದ ಡಬ್ಬಿ ತಂದು ಎಲ್ಲರ ಮುಂದೆ ತೆರೆದು ಹಿಡಿದ.

“ನೋಡ್ರಿ. ಬೀಗದಾಗೆ ಇತ್ತು. ಕೊಟ್ಟ ದಿವಸದಿಂದ ಇದು ನನ್ನ ಕೈ ಬಿಟ್ಟಿಲ್ಲ. ತಿಪ್ಪೇಶನ ಅಂಗಡಿನಾಗೆ ನೋಡಿದ್ಮ್ಯಾಲೂ ನಾನೇ ಕಿತ್ಕಂಡು ಜೇಬಿಗೆ ಹಾಕ್ಕಂಡು ಬಂದೀನಿ.”

ಕೊಟ್ರೇಶ ಬಗ್ಗಿ ಬ್ಯಾನರಿನ ಕೆಳಗಿನ ಮೂಲೆಯನ್ನು ನೋಡಿದ. ಫ್ಲೆಕ್ಸ್ ಅಂಗಡಿಯವರು ಸಣ್ಣ ಅಕ್ಷರದಲ್ಲಿ ತಮ್ಮ ಹೆಸರು ಹಾಕುವ ಜಾಗ ಅದು. ತಿಪ್ಪೇಶನ ಅಂಗಡಿಯ ಹೆಸರಿತ್ತು, ಫೋನ್ ನಂಬರೂ ಇತ್ತು.

“ಅಪ್ಪ, ತಿಪ್ಪೇಶಣ್ಣ ಕಾಪಿ ಮಾಡ್ಕಂಡಿದಾನೆ.”

“ಏನ್ ಕಾಪಿ? ನಾನು ಅಲ್ಲೇ ಕುಂತಿದ್ನಲ್ಲ. ವಾಪಸ್ ತಂದೀನಲ್ಲ.”

“ಅದರಾಗಿದ್ದದ್ದು ಅವನ ಕಂಪ್ಯೂಟರಿನಾಗೂ ಉಳಿತೈತೆ ಅಪ್ಪ. ಒಂದು ನಿಮಿಷ ಸಾಕು. ನೀವು ತಂದಿರೋದು ಬರೀ ಡಬ್ಬಿ.”

ಏಕಾಂತಪ್ಪ ಕೈಯಲ್ಲಿದ್ದ ಪೆನ್ ಡ್ರೈವನ್ನು ನೋಡಿದ. ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಹಳೆಯ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಯಾರೂ ಅವನಿಗೆ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೆಳಗಾದದ್ದೇ ತಡ, ಏಕಾಂತಪ್ಪ, ಬಿಂದು, ದಾವೂದ್ ಮೂವರೂ ತಿಪ್ಪೇಶನ ಅಂಗಡಿ ಬಾಗಿಲು ತೆಗೆಯುವುದನ್ನು ಕಾಯುತ್ತ ನಿಂತರು. ಬ್ಯಾನರ್ ಕಂಡು ತಿಪ್ಪೇಶನ ಮುಖ ಬಿಳಿಚಿಕೊಂಡಿತು.

“ಅಣ್ಣ, ಪೆನ್ ಡ್ರೈವ್‌ನಿಂದ ಸೀದಾ ತೆಗೆದ್ರೆ ವೈರಸ್ ಬರ್ತೈತೆ. ಕಾಪಿ ಮಾಡಿನೇ ತೆಗಿಯೋದು. ಎಲ್ಲಾ ಅಂಗಡಿನಾಗೂ ಹಂಗೇ. ಆಮ್ಯಾಲೆ ಅಳಿಸೋದು ಮರೆತೆ.”

“ಮರೆತಿ. ಬ್ಯಾನರಿಗೆ ಯಾಕೆ ಹಾಕಿದಿ?” ಎಂದ ದಾವೂದ್.

“ನಾಮಕರಣ, ಹುಟ್ಟುಹಬ್ಬದ ಕಾರ್ಡಿಗೆ ಅಂತ ಮಕ್ಕಳ ಫೋಟೋ ಒಂದು ಕಡೆ ಇಟ್ಟಿರ್ತೀವಿ. ಅದರಾಗೆ ಸೇರಿಕ್ಯಂತು. ಈ ಹುಡುಗ್ರು ಬಂದ್ರು, ಟ್ರಸ್ಟಿನೋರು ಅಂದ್ರು. ಮಗು ಐಸಿಯುನಾಗೆ ಐತೆ, ಫೋಟೋ ತೆಗಿಯಾಕೆ ಬಿಡಲ್ಲ, ಯಾವುದಾದ್ರೂ ಹಾಕ್ರಿ ಅಂದ್ರು. ಕಂಪ್ಯೂಟರಿನಾಗೆ ಇರೋ ಮಕ್ಕಳನ್ನೆಲ್ಲ ತೋರಿಸಿದೆ. ಇದು ಬಂದಾಗ…” ಅವನು ಬಿಂದುವಿನ ಮುಖ ನೋಡಿ ನಿಲ್ಲಿಸಿದ.

“ಹೇಳು,” ಎಂದ ಏಕಾಂತಪ್ಪ.

“ಇದೇ ಇರ್ಲಿ ಅಂದ್ರು ಅಣ್ಣ. ಇದನ್ನ ನೋಡಿದೋನು ಒಬ್ಬನೂ ನಿಲ್ಲದೆ ಹೋಗಲ್ಲ ಅಂದ್ರು.”

ಒಬ್ಬ ಗಿರಾಕಿಯೂ ನಿಲ್ಲುವುದಿಲ್ಲ ಎಂದು ಊಟದ ಮುಂದೆ ಕುಳಿತು ಹೇಳಿದವನು ಏಕಾಂತಪ್ಪನೇ.

“ಅಳಿಸು,” ಎಂದಳು ಬಿಂದು. “ನನ್ನ ಕಣ್ಣ ಮುಂದೆ ಅಳಿಸು. ಎಲ್ಲಾ ಮಕ್ಕಳದ್ದೂ.”

ತಿಪ್ಪೇಶ ಗಡಿಬಿಡಿಯಿಂದ ಅಳಿಸಿದ. ಪರದೆಯ ಮೇಲೆ ಒಂದೊಂದೇ ಮಗು ಇಲ್ಲವಾಯಿತು. ಕೊನೆಗೆ ತಲೆ ಕೆರೆದುಕೊಂಡು ಹೇಳಿದ. “ಅಕ್ಕ, ಸುಳ್ಳು ಯಾಕೆ ಹೇಳ್ಲಿ. ಹೊಸದುರ್ಗ, ಹೊಳಲ್ಕೆರೆ ಫ್ಲೆಕ್ಸಿನೋರಿಗೂ ಕಳಿಸಿದ್ದೆ. ನಮ್ಮನಮ್ಮಾಗೆ ಕೊಟ್ಟು ತಗಳೋದು ಇರ್ತೈತೆ.”

“ವಾಪಸ್ ತರಿಸು,” ಎಂದ ಏಕಾಂತಪ್ಪ.

“ಅವರಿಗೂ ಅಳಿಸ್ರಿ ಅಂತ ಹೇಳ್ತೀನಿ ಅಣ್ಣ. ಅವರು ಯಾರಿಗೆ ಕೊಟ್ಟವ್ರೋ ನನಗೆ ಗೊತ್ತಿಲ್ಲ. ಹೋದದ್ದು ವಾಪಸ್ ಬರೋದಲ್ಲ ಅದು.”

ದಾವೂದ್ ಅಲ್ಲಿಂದಲೇ ಪೊಲೀಸ್ ಠಾಣೆಗೆ ಹೋದ. ದೂರು ಬರೆಸಿಕೊಂಡರು, ಬ್ಯಾನರ್ ಇಟ್ಟುಕೊಂಡರು. ತಿಪ್ಪೇಶನನ್ನು ಕರೆಸಿ ಕೇಳಿದರು. ಆ ಇಬ್ಬರು ಸಿಗಲಿಲ್ಲ. ಏಕಾಂತಪ್ಪ ಮನೆಗೆ ಬರುವ ದಾರಿಯಲ್ಲಿ ಬಿಂದುವಿಗೆ ಒಂದೇ ಮಾತು ಹೇಳಿದ. “ನೀನು ನನ್ನ ನಂಬಿ ಕೊಟ್ಟಿ. ನಾನು ಊರಿಗೇ ಹಂಚಿದೆ.”

ಸುದ್ದಿ ಬೀದಿಯಲ್ಲಿ ಹಬ್ಬಲು ಎಷ್ಟು ಹೊತ್ತು? ಹಿಗ್ಗಿದ್ದ ತಾಯಂದಿರೆಲ್ಲ ಒಬ್ಬೊಬ್ಬರಾಗಿ ಬಂದರು. ಎದುರು ಮನೆಯ ರೋಜಾ ಬಾಗಿಲಲ್ಲೇ ನಿಂತು, “ನಮ್ಮ ಮಗೂದು ಎಲ್ಲಾ ಅಳಿಸಿಬಿಡು ಬಿಂದು, ಬೇಜಾರ್ ಮಾಡ್ಕಬ್ಯಾಡ” ಎಂದಳು. ಅಳಿಸಿದ ಮೇಲೂ ಕ್ಯಾಮೆರಾ ಇಣುಕಿ ನೋಡಿ ಖಾತ್ರಿ ಮಾಡಿಕೊಂಡೇ ಹೋದಳು. ಬಿಂದು ಕ್ಯಾಮೆರಾವನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಳು.

ಮನೆಯಲ್ಲಿ ಜಗಳ ನಿಂತುಹೋಯಿತು. ಜಗಳವಿದ್ದಾಗಲೇ ವಾಸಿಯಿತ್ತು. ಏಕಾಂತಪ್ಪ ಮುದ್ದೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಮಹಾದೇವಮ್ಮ ಒಂದು ದಿನ ತಡೆಯಲಾರದೆ ಸೊಸೆಯ ಹತ್ತಿರ ಬಂದಳು.

“ಅವರಿಗೆ ನೀನಾದ್ರೂ ಒಂದು ಮಾತು ಹೇಳು. ಉಣ್ಣವಲ್ರು.”

“ಏನಂತ ಹೇಳ್ಲಿ ಅತ್ತೆ?”

“ನಿನಗೆ ತಿಳಿದದ್ದು ಹೇಳು. ನಾನು ಹೇಳಿದ್ರೆ ಕೇಳಲ್ಲ.” ಸೊಸೆಯ ಕೈಯಿಂದ ಸೊಪ್ಪು ಇಸಿದುಕೊಂಡು ತಾನೇ ಸೋಸತೊಡಗಿದಳು.

ಗೊಲ್ಲಪ್ಪ ಜೆರಾಕ್ಸ್ ಮಿಷನ್ ಇಳಿಸಲು ಎರಡು ದಿನವಿರುವಾಗ ಶರೀಫುನ್ನೀಸಾ ಬಂದಳು. ಫರಾಜ್‌ಗೆ ಹೊಸ ಅಂಗಿ ಹಾಕಿಸಿ, ಎಣ್ಣೆ ಹಚ್ಚಿ ತಲೆ ಬಾಚಿ, ಕೈ ಹಿಡಿದು ತಂದಿದ್ದಳು. ಬಿಂದುವಿಗೆ ಅವಳ ಮುಖ ನೋಡಲು ಧೈರ್ಯ ಬರಲಿಲ್ಲ.

“ಬರ್ರಿ ಅಮ್ಮ. ಯಾಸ್ಮಿನ್?”

“ಅವಳಿಗೆ ಗೊತ್ತಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ.” ಶರೀಫುನ್ನೀಸಾ ಈರುಳ್ಳಿ ಮೂಟೆಯ ಪಕ್ಕ ಕುಳಿತಳು. “ಆ ಮುಖ ನನ್ನ ಕಣ್ಣಿಂದ ಹೋಗವಲ್ದು ಬೇಟಿ. ಕಣ್ಣು ಮುಚ್ಚಿದ್ರೆ ಬಸ್ ಸ್ಟ್ಯಾಂಡೇ ಕಾಣ್ತೈತೆ. ನೀನೇ ತೆಗೆದದ್ದು, ನೀನೇ ಇನ್ನೊಂದು ತೆಗಿ. ನಗ್ತಿರೋದು. ಗೋಡೆಗೆ ಹಾಕ್ಕಂತೀನಿ. ಬಿಟ್ಟಿ ಬ್ಯಾಡ, ದುಡ್ಡು ಕೊಡ್ತೀನಿ.”

ದುಡ್ಡು ಕೊಡುತ್ತೇನೆಂದು ಈ ಬಾಗಿಲಿಗೆ ಬಂದ ಮೊದಲ ಗಿರಾಕಿ ಇವಳು. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮಹಾದೇವಮ್ಮ ಅಕ್ಕಿ ಡ್ರಮ್ಮಿನ ಹಿಂದಿನಿಂದ ಕ್ಯಾಮೆರಾ ತಂದು ಸೊಸೆಯ ಕೈಗಿಟ್ಟಳು. ಏಕಾಂತಪ್ಪ ಕೂಲರ್ ಪಕ್ಕಕ್ಕೆ ಎಳೆದ. ಹಂಸದ ಪರದೆಯ ಧೂಳು ಕೊಡವಿದ. ಸ್ಟೂಲನ್ನು ಬಾಗಿಲ ಬೆಳಕಿಗೆ ತಿರುಗಿಸಿ ಹುಡುಗನನ್ನು ಕೂರಿಸಿದ. ಬೀರುವಿನಿಂದ ಹಳೆಯ ಗಿಲಕಿ ತಂದು ಬಿಂದುವಿನ ಹಿಂದೆ ನಿಂತು ಗಲಗಲ ಆಡಿಸಿದ. ಆ ಗಿಲಕಿಗೆ ಊರಿನ ಎಷ್ಟೋ ಮಕ್ಕಳು ನಕ್ಕಿದ್ದವು.

“ಇಲ್ನೋಡು ಮರಿ, ಇಲ್ನೋಡು. ನಗು.”

ಫರಾಜ್ ನಗಲಿಲ್ಲ. ಗಿಲಕಿ ನೋಡಿದ, ಕ್ಯಾಮೆರಾ ನೋಡಿದ. ಆಮೇಲೆ ತಲೆ ಬಗ್ಗಿಸಿ, ಹೊಸ ಅಂಗಿಯ ಗುಂಡಿಗಳನ್ನು ಒಂದೊಂದೇ ಬಿಚ್ಚತೊಡಗಿದ. ಯಾರಿಗೂ ಏನೆಂದು ತಿಳಿಯಲಿಲ್ಲ. ಬಿಚ್ಚಿ ಮುಗಿಸಿ, ಅಂಗಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಬಡಕಲು ಎದೆಯನ್ನು ಕ್ಯಾಮೆರಾಕ್ಕೆ ತೋರಿಸಿದ.

“ಆಂಟಿ, ತೂತು ಬರ್ತೈತಾ ಫೋಟೋದಾಗೆ?”

ಏಕಾಂತಪ್ಪನ ಕೈಯಲ್ಲಿ ಗಿಲಕಿ ನಿಂತಿತು. ಶರೀಫುನ್ನೀಸಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಯಾವ ತೂತಪ್ಪ?” ಎಂದಳು ಬಿಂದು.

“ಇಲ್ಲಿ ಐತಲ್ಲ. ಓಡಿದ್ರೆ ಸತ್ತೋಗ್ತೀನಿ. ಅದಕ್ಕೆ ದಾದಿ ಅಳೋದು,” ಎಂದು ಅಜ್ಜಿಯ ಕಡೆ ತಿರುಗಿದ.

“ಇಲ್ಲ ಕಣಪ್ಪ. ಅದು ಕಳ್ಳರು ಬರೆದ ಸುಳ್ಳು. ನಿನಗೆ ಏನೂ ಆಗಿಲ್ಲ.”

“ಏನೂ ಆಗಿಲ್ಲ ಬೇಟಾ,” ಎಂದಳು ಅಜ್ಜಿಯೂ. ಆದರೆ ಅವಳು ಆಗಲೇ ಅಳುತ್ತಿದ್ದಳು. ಹುಡುಗ ಅದನ್ನು ನೋಡಿದ. ದೊಡ್ಡವರ ಮುಖಗಳನ್ನು ಒಂದೊಂದಾಗಿ ನೋಡಿ, ಯಾರನ್ನೂ ನಂಬದೆ, ಬಾಗಿಲ ಕಡೆಗೆ ಮುಖ ತಿರುಗಿಸಿದ. ಬೆಳಕು ಅರ್ಧ ಮುಖಕ್ಕೆ ಬಿತ್ತು. ಅಳು ಬಂದಿರಲಿಲ್ಲ, ಬರುವುದರಲ್ಲಿತ್ತು.

ಅದೇ ಮುಖ. ಬಿಂದುವಿನ ಬೆರಳು ಗುಂಡಿಯ ಮೇಲೇ ಇತ್ತು. ಹಿಂದಿನಿಂದ ಏಕಾಂತಪ್ಪ ಬಗ್ಗಿ ಅವಳ ಕಿವಿಯ ಹತ್ತಿರ ಪಿಸುಗುಟ್ಟಿದ. ಇಡೀ ಆಯುಷ್ಯದ ಅಭ್ಯಾಸ ಅವನ ಬಾಯಿಂದ ಮಾತಾಡಿಸಿತು.

“ಬಿಂದು, ಈಗ ತೆಗಿ. ಈಗ.”

“ಬ್ಯಾಡ ಬಿಡ್ರಿ ಮಾವ,” ಎಂದಳು ಬಿಂದು. ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ನೆಲದ ಮೇಲಿಟ್ಟು, ಹುಡುಗನ ಮುಂದೆ ಮೊಣಕಾಲೂರಿ, ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕತೊಡಗಿದಳು.